ಹರಕೆ ತೀರಿದ ಮೇಲೆ



ಜೂನ್ 13 ಪಾದುವದ ಸಂತ ಅಂತೋಣಿಯವರ ಹಬ್ಬ. ದೇವನೂರು, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಡೋರನಹಳ್ಳಿಗೆ ಹೊರಡುವವರಲ್ಲಿ ನಿಮ್ಮ ಮನೆಯವರೂ ಇರಬಹುದು. ಮಗುವಿನ ಕಾಯಿಲೆ, ಮಗಳ ಮದುವೆ, ಸಾಲದ ಹೊರೆ, ಹೀಗೆ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಬೇಡುವುದು ತಪ್ಪಲ್ಲ, ಬೇಡಿಕೊಳ್ಳಲು ನಮಗೆ ಕಲಿಸಿದವರು ಪ್ರಭು ಯೇಸುವೇ. ಆದರೆ ಹರಕೆ ತೀರಿಸಿ ಮನೆಗೆ ಬಂದ ಮೇಲೆ ನಮ್ಮಲ್ಲಿ ಏನು ಬದಲಾಗಿದೆ? ಮನೆಮಂದಿಯೆಲ್ಲ ಕೂಡಿ ಈ ಪ್ರಶ್ನೆಯನ್ನು ಧ್ಯಾನಿಸೋಣ.

ಆಟಿಕೆಯಾಗಿದ್ದ ಪ್ರತಿಮೆ

ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಒಂದು ಐತಿಹ್ಯವಿದೆ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮರದ ಪ್ರತಿಮೆಯೊಂದು ಸಿಕ್ಕಿತು. ಯಾರದೆಂದು ತಿಳಿಯದೆ ಅವನು ಅದನ್ನು ಮಕ್ಕಳಿಗೆ ಆಡಲು ಕೊಟ್ಟ. ಮನೆಗೆ ಕಷ್ಟ ಬಂದಾಗ ಸನ್ಯಾಸಿಯೊಬ್ಬರು ಕನಸಿನಲ್ಲಿ ಕಾಣಿಸಿಕೊಂಡು ಗುಡಿ ಕಟ್ಟಲು ಹೇಳಿದರಂತೆ. ಅದು ಸಂತ ಅಂತೋಣಿಯವರ ಪ್ರತಿಮೆ ಎಂಬುದು ಆಮೇಲೆ ತಿಳಿಯಿತು. ಎಲ್ಲ ಮತಧರ್ಮದವರೂ ಬರುವ ಈ ಕ್ಷೇತ್ರ 2019ರಲ್ಲಿ ಬೆಸಿಲಿಕಾ ಎಂಬ ಗೌರವ ಪಡೆಯಿತು.

ಕಷ್ಟವೆಲ್ಲ ದೇವರ ಶಿಕ್ಷೆ ಎಂದು ಈ ಕಥೆಯಿಂದ ಕಲಿಯಬೇಕಾಗಿಲ್ಲ. ಇದರಲ್ಲಿ ಗಮನಿಸಬೇಕಾದುದು ಬೇರೆ. ಆಟಿಕೆಯಾಗಿದ್ದಾಗಲೂ ಗುಡಿಯಲ್ಲಿದ್ದಾಗಲೂ ಮರ ಅದೇ ಮರ. ಬದಲಾದದ್ದು ಆ ಮನೆಯವರ ಕಣ್ಣು ಮತ್ತು ಮನಸ್ಸು. ನಾವೂ ಜ್ಞಾನಸ್ನಾನ, ಶುಭಸಂದೇಶ, ಪರಮಪ್ರಸಾದ ಇವನ್ನೆಲ್ಲ ಪಡೆದಿದ್ದೇವೆ. ಅವು ನಮ್ಮ ಮನೆಯಲ್ಲಿ ಯಾವ ಸ್ಥಾನದಲ್ಲಿವೆ?

ಬೇಡಿದ್ದು ಸಿಗದ ಸಂತ

ಬೇಡಿದ್ದು ದೊರೆಯದಿದ್ದರೆ ಏನು ಮಾಡುವುದು? ಇದಕ್ಕೆ ಅಂತೋಣಿಯವರ ಬದುಕೇ ಉತ್ತರ. ಲಿಸ್ಬನ್ ನಗರದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಫರ್ನಾಂಡೊ. 1220ರಲ್ಲಿ ಮೊರೊಕ್ಕೊ ದೇಶದಲ್ಲಿ ಐವರು ಫ್ರಾನ್ಸಿಸ್ಕನ್ ಸಹೋದರರು ರಕ್ತಸಾಕ್ಷಿಗಳಾದರು. ಅವರಂತೆ ತಾನೂ ಪ್ರಾಣ ಕೊಡಬೇಕೆಂದು ಹಂಬಲಿಸಿ ಅದೇ ಸಭೆ ಸೇರಿ, ಅಂತೋಣಿ ಎಂಬ ಹೆಸರು ಪಡೆದು ಮೊರೊಕ್ಕೊಗೆ ಹೋದರು. ಅಲ್ಲಿ ಕಾಯಿಲೆ ಬಿದ್ದು ಹಿಂತಿರುಗಬೇಕಾಯಿತು. ಹಡಗು ಗಾಳಿಗೆ ಸಿಕ್ಕಿ ಇಟಲಿಯ ಸಿಸಿಲಿ ದ್ವೀಪ ಸೇರಿತು. ಹಂಬಲಿಸಿದ್ದು ಕೈಗೂಡಲಿಲ್ಲ. ಆದರೂ ಅವರು ಗೊಣಗದೆ, ಯಾರ ಗಮನಕ್ಕೂ ಬಾರದೆ, ಒಂದು ಚಿಕ್ಕ ಆಶ್ರಮದಲ್ಲಿ ಪ್ರಾರ್ಥನೆ ಮತ್ತು ಸಾಮಾನ್ಯ ಕೆಲಸಗಳಲ್ಲಿ ದಿನ ಕಳೆದರು. ಒಮ್ಮೆ ಫೊರ್ಲಿ ಎಂಬಲ್ಲಿ ಬೋಧನೆಗೆ ಯಾರೂ ಸಿದ್ಧರಿಲ್ಲದಿದ್ದಾಗ ಹಿರಿಯರು ಅವರನ್ನೇ ಮಾತನಾಡಲು ಹೇಳಿದರು. ಮಹಾಬೋಧಕರೊಬ್ಬರು ಬೆಳಕಿಗೆ ಬಂದದ್ದು ಹೀಗೆ. 1231ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಅವರ ಯೋಜನೆ ಮುರಿದುಬಿತ್ತು, ಅವರು ಬೆಳೆದರು. ನಮ್ಮ ಇಷ್ಟಕ್ಕೆ ದೇವರನ್ನು ಒಪ್ಪಿಸುವುದರಿಂದ ಹೊರಟು ದೇವರ ಇಷ್ಟಕ್ಕೆ ನಾವು ಒಪ್ಪುವವರೆಗಿನ ದಾರಿಯೇ ಆಧ್ಯಾತ್ಮಿಕ ಬೆಳವಣಿಗೆ.

ಬಿತ್ತಿದ ಮೇಲೆ

ಮಾರ್ಕನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಪ್ರಭು ಒಬ್ಬ ರೈತನ ಸಾಮತಿ ಹೇಳುತ್ತಾರೆ. ಅವನು ಬಿತ್ತುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಅವನಿಗೆ ತಿಳಿಯದಂತೆ ಪೈರು ಬೆಳೆಯುತ್ತದೆ. ಬೇಸಾಯದ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳೆಸುವವನು ದೇವರು. ಆದರೆ ಕಳೆ ಕೀಳುವುದು, ನೀರು ಕಟ್ಟುವುದು ನಮ್ಮ ಪಾಲಿನ ಕೆಲಸ. ಪಾಪನಿವೇದನೆ ಕಳೆ ಕಿತ್ತಂತೆ; ಸಂಜೆಯ ಕುಟುಂಬ ಪ್ರಾರ್ಥನೆ ನೀರು ಕಟ್ಟಿದಂತೆ. ಹಬ್ಬದ ದಿನದ ಕಣ್ಣೀರು ಒಂದೇ ಮಳೆ. ಒಂದೇ ಮಳೆಗೆ ಬೆಳೆ ಕೈಗೆ ಬರುವುದಿಲ್ಲ.

ತಲೆಗೂದಲು ಕೊಟ್ಟು ಬಂದವನು ಬದುವಿನ ಜಗಳದಲ್ಲಿ ಅಣ್ಣನೊಡನೆ ಮಾತು ಬಿಟ್ಟೇ ಇದ್ದರೆ, ಮೇಣದ ಬತ್ತಿ ಹಚ್ಚಿ ಬಂದವಳು ಸೊಸೆಯನ್ನು ನೋಯಿಸುತ್ತಲೇ ಇದ್ದರೆ, ಹರಕೆ ತೀರಿತು, ಮನಸ್ಸು ತಿರುಗಲಿಲ್ಲ. ಕೂದಲು ಮತ್ತೆ ಬೆಳೆಯುತ್ತದೆ. ಬಿಟ್ಟುಕೊಟ್ಟ ಹಗೆ ಮತ್ತೆ ಬೆಳೆಯದಿರಲಿ.

ಮನೆಯಲ್ಲಿ ಮನನಕ್ಕೆ

1. ಕಳೆದ ವರ್ಷ ನಾನು ಬೇಡಿದ್ದೇನು? ಅದು ದೊರೆತಾಗ ಅಥವಾ ದೊರೆಯದಾಗ ನಾನು ಹೇಗೆ ನಡೆದುಕೊಂಡೆ?
2. ನನ್ನಲ್ಲಿ ಬದಲಾವಣೆ ಬಂದಿದೆಯೇ ಎಂದು ಮನೆಯವರನ್ನು ಕೇಳಿದರೆ ಏನು ಹೇಳಿಯಾರು?
3. ಮುಂದಿನ ಹಬ್ಬದೊಳಗೆ ನಾನು ಮೊದಲಾಗಿ ಮಾತನಾಡಿಸಬೇಕಾದವರು ಯಾರು?

ಮೂರನೆಯದಕ್ಕೆ ಉತ್ತರ ಸಿಕ್ಕ ದಿನವೇ ಎದ್ದು ಹೋಗಿರಿ. ಡೋರನಹಳ್ಳಿಗಿಂತ ಆ ಮನೆ ಹತ್ತಿರ.