‘ಟೀ ಕೊಟ್ಟೆ, ಅಷ್ಟೇ’ ಅನ್ನಬೇಡ

ಪುಟ್ಟೀ,

ನಿನ್ನಪ್ಪ ಫೋನ್ ಮಾಡಿದ್ದರು. ಶಾಲೆಯಿಂದ ಟ್ರಾನ್ಸಿಷನ್ ಇಯರ್ ಫಾರ್ಮ್ ಬಂದಿದೆಯಂತೆ. ‘ಎಲ್ಲರೂ ಮಾಡ್ತಾರೆ, ಸಹಿ ಹಾಕಿ’ ಅಂತ ನೀನು ಅವರ ಮುಂದೆ ಇಟ್ಟೆಯಂತೆ. ಅವರು ಹಾಕಲಿಲ್ಲ. ‘ಪರೀಕ್ಷೆಯೇ ಇಲ್ಲದ ಒಂದು ವರ್ಷ, ಅದಕ್ಕೆ ಮೇಲಿಂದ ನಾವೇ ದುಡ್ಡು ಕಟ್ಟಬೇಕು. ಅಕ್ಕಾ, ಇದೆಂಥ ಲೆಕ್ಕ?’ ಅಂತ ನನ್ನನ್ನು ಕೇಳಿದರು. ಡಬ್ಲಿನ್ನಿಗೆ ಮೊದಲು ಬಂದವಳು, ಇಬ್ಬರು ಮಕ್ಕಳನ್ನು ಇಲ್ಲೇ ಓದಿಸಿದವಳು ಅಂತ ನನ್ನ ಮೇಲೆ ಅವರಿಗೆ ನಂಬಿಕೆ. ನಾನು ಮಾತು ತೇಲಿಸಿ ಫೋನಿಟ್ಟೆ. ನಿನಗೆ ಬರೆಯುತ್ತಿದ್ದೇನೆ, ಯಾಕೆಂದರೆ ಅವರಿಗೆ ಉತ್ತರ ಹೇಳಬೇಕಾದವಳು ನೀನು.

ಸ್ವಲ್ಪ ಅವರ ಜಾಗದಲ್ಲಿ ನಿಂತು ನೋಡು. ನಿನ್ನಪ್ಪ ಹಾಸನದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಪಿಯುಸಿ ಅರ್ಜಿಗೆ ಕ್ಯೂ ನಿಂತವರು. ಅಲ್ಲಿಂದ ಸಿಇಟಿ, ಸಿಇಟಿಯಿಂದ ಎಂಜಿನಿಯರಿಂಗ್, ನಡುವೆ ಉಸಿರು ಬಿಟ್ಟಿದ್ದೇ ಇಲ್ಲ. ನಮ್ಮ ಕಡೆ ಹತ್ತನೇ ಕ್ಲಾಸಾದ ಮೇಲೆ ಹುಡುಗನೊಬ್ಬ ಒಂದು ವರ್ಷ ಮುಂದಕ್ಕೆ ಹೋಗಲಿಲ್ಲ ಅಂದರೆ ಒಂದೋ ಫೇಲು, ಇಲ್ಲ ಕಾಯಿಲೆ. ನೆಂಟರ ಮನೆ ಮದುವೆಯಲ್ಲಿ ಅವನ ಬಗ್ಗೆ ಪಿಸುಪಿಸು ಮಾತು. ಅಂಥ ಕಡೆಯಿಂದ ಬಂದವರನ್ನು ಶಾಲೆಯವರು ಒಂದು ಸಂಜೆ ಕರೆಸಿ, ಕತ್ತಲ ಹಾಲ್‌ನಲ್ಲಿ ಕೂರಿಸಿ, ಹೋದ ವರ್ಷದ ಮಕ್ಕಳು ಕಯಾಕಿನಲ್ಲಿ ಹುಟ್ಟು ಹಾಕುತ್ತಿರುವ ಫೋಟೊ, ನಾಟಕದಲ್ಲಿ ಮೀಸೆ ಬಳಿದುಕೊಂಡ ಫೋಟೊ ತೋರಿಸಿದರೆ ಏನಾಗಬೇಕು? ಇದ್ದ ಅನುಮಾನ ಗಟ್ಟಿಯಾಯಿತು. ಶಾಲೆಯವರ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿನ ಎಷ್ಟೋ ತಂದೆತಾಯಿಗಳು ಅದೇ ವರ್ಷವನ್ನು ತಾವೂ ದಾಟಿ ಬಂದವರು, ಅವರಿಗೆ ಫೋಟೊ ಸಾಕು. ನಿನ್ನ ಅಪ್ಪ ಅಮ್ಮನಿಗೆ ಸಾಲದು.

ಹಾಗಾಗಿ ಬುಡದಿಂದ ಹೇಳು. ಈ ಟ್ರಾನ್ಸಿಷನ್ ಇಯರ್ ನಿನ್ನೆ ಮೊನ್ನೆ ಯಾರೋ ಮೇಷ್ಟರ ತಲೆಗೆ ಹೊಳೆದದ್ದಲ್ಲ. 1974ರಲ್ಲಿ ಐರ್ಲೆಂಡಿನ ಶಿಕ್ಷಣ ಸಚಿವರಾಗಿದ್ದ ರಿಚರ್ಡ್ ಬರ್ಕ್ ಇದನ್ನು ಮೂರೇ ಮೂರು ಶಾಲೆಗಳಲ್ಲಿ ಪ್ರಯೋಗಕ್ಕೆ ತಂದರು. ಪರೀಕ್ಷೆಯ ಗಾಣಕ್ಕೆ ಕಟ್ಟಿದ ಮಕ್ಕಳನ್ನು ಒಂದು ವರ್ಷ ಬಿಚ್ಚಿ ಬಿಡಬೇಕು ಅನ್ನುವುದು ಅವರ ಯೋಚನೆ. ಇಪ್ಪತ್ತು ವರ್ಷ ಅಲ್ಲೊಂದು ಇಲ್ಲೊಂದು ಶಾಲೆಯಲ್ಲಿ ನಡೆದು, 1994ರಿಂದ ದೇಶದ ತುಂಬ ಹರಡಿತು. ಮೂರು ವರ್ಷದ ಜೂನಿಯರ್ ಸೈಕಲ್ ಮುಗಿದ ಮೇಲೆ, ಎರಡು ವರ್ಷದ ಲೀವಿಂಗ್ ಸರ್ಟ್ ಓದಿಗೆ ಮುಂಚೆ, ಈ ನಾಲ್ಕನೇ ವರ್ಷ. ಸರ್ಕಾರದ ಪರೀಕ್ಷೆ ಇಲ್ಲ ಅನ್ನುವುದು ನಿಜ. ಶಾಲೆ ಇದೆ, ಹಾಜರಿ ಇದೆ, ಗಣಿತ ಇಂಗ್ಲಿಷ್ ಪಾಠ ಇದೆ, ವರ್ಷದ ಕೆಲಸವನ್ನೆಲ್ಲ ಕೂಡಿಟ್ಟು ತೋರಿಸುವ ಫೈಲ್ ಇದೆ. ಏನೇನು ಕಲಿಸಬೇಕು ಅನ್ನುವುದನ್ನು ಬಹುಮಟ್ಟಿಗೆ ಆಯಾ ಶಾಲೆಯೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಲೂಕನ್‌ನಲ್ಲಿರುವ ನಿನ್ನ ಗೆಳತಿಯ ಶಾಲೆಯ ಮಾತು ನಿನ್ನ ಶಾಲೆಗೆ ನಡೆಯುವುದಿಲ್ಲ. ನಿಮ್ಮ ಶಾಲೆಯದೇ ಪಟ್ಟಿ ತಂದು ಊಟದ ಮೇಜಿನ ಮೇಲೆ ಇಡು. ದುಡ್ಡು ಎಷ್ಟು, ಯಾವುದಕ್ಕೆ, ಕಂತಿನಲ್ಲಿ ಕಟ್ಟಬಹುದೇ ಅಂತ ಆಫೀಸಿನಲ್ಲಿ ನೀನೇ ಕೇಳಿಕೊಂಡು ಬಾ. ಬಸ್ಸು, ಪ್ರವಾಸ ಎಲ್ಲ ಸೇರಿ ನೂರಾರು ಯೂರೋ ಆಗುವುದುಂಟು. ಅದನ್ನು ಮುಚ್ಚಿಟ್ಟು ಮಿಕ್ಕಿದ್ದನ್ನು ಹೊಗಳಬೇಡ.

‘ಅಂಕಕ್ಕೆ ಪೆಟ್ಟು ಬೀಳುವುದಿಲ್ಲವಾ?’ ಅಂತ ಕೇಳೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಡಬ್ಲಿನ್ನಿನ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಸಂಸ್ಥೆಯವರು 2004ರಲ್ಲಿ ಈ ವರ್ಷದ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಈ ವರ್ಷ ಮಾಡಿದವರು ಲೀವಿಂಗ್ ಸರ್ಟ್‌ನಲ್ಲಿ ಹೆಚ್ಚು ಅಂಕ ಪಡೆದಿದ್ದರು. ಅಷ್ಟಕ್ಕೇ ನಿಲ್ಲಿಸಿದರೆ ನಿನಗೆ ಅನುಕೂಲ, ಆದರೆ ನಿಲ್ಲಿಸಬೇಡ. ಬಡತನದ ಪ್ರದೇಶಗಳ ಶಾಲೆಗಳಲ್ಲಿ, ಎಲ್ಲರಿಗೂ ಕಡ್ಡಾಯ ಮಾಡಿದ ಕಡೆ, ಆ ವರ್ಷದಲ್ಲಿ ಪಾರ್ಟ್ ಟೈಮ್ ದುಡಿಯಲು ಹೋದ ಮಕ್ಕಳಲ್ಲಿ ಆ ಲಾಭ ಅಷ್ಟಾಗಿ ಕಾಣಲಿಲ್ಲ ಅಂತಲೂ ಅದೇ ಅಧ್ಯಯನ ಹೇಳಿತು. ಓದುವ ಮನಸ್ಸಿರುವವರೇ ಈ ವರ್ಷವನ್ನು ಆರಿಸಿಕೊಂಡಿರಬಹುದು ಅನ್ನುವ ಮಾತೂ ಇದೆ. ವರ್ಷ ಹಾಳಾಗಲೂಬಹುದು, ಅದನ್ನು ನೀನಾಗಿಯೇ ಹೇಳು. ಸೋಫಾದ ಮೇಲೆ ಮಲಗಿ ಕಳೆದವರನ್ನು ನಾನು ನೋಡಿದ್ದೇನೆ, ನನ್ನ ಮನೆಯಲ್ಲೇ ಒಬ್ಬ ಅರ್ಧ ವರ್ಷ ಹಾಗೆ ಕಳೆದ.

ಡಾಕ್ಟರಾಗಬೇಕು ಅನ್ನುತ್ತೀಯ. ಲೀವಿಂಗ್ ಸರ್ಟ್‌ನಲ್ಲಿ ಆರು ವಿಷಯಕ್ಕೆ ಆರು ನೂರು, ಮೇಲ್ಮಟ್ಟದ ಗಣಿತಕ್ಕೆ ಹೆಚ್ಚುವರಿ 25, ಒಟ್ಟು 625 ಪಾಯಿಂಟ್. ಮೆಡಿಸಿನ್‌ಗೆ ಅದರ ಮೇಲೆ ಎಚ್‌ಪ್ಯಾಟ್ ಪ್ರವೇಶ ಪರೀಕ್ಷೆ ಬೇರೆ. ಈ ಲೆಕ್ಕ ನಿನ್ನಪ್ಪನಿಗೆ ಬಾಯಿಪಾಠ. ಹಾಗಿರುವಾಗ ಒಂದು ವರ್ಷ ಗಣಿತಕ್ಕೆ ತುಕ್ಕು ಹಿಡಿಸಿದರೆ ಐದನೇ ವರ್ಷದ ಸೆಪ್ಟೆಂಬರಿನಲ್ಲಿ ಅಳುವುದು ನೀನೇ. ವಾರಕ್ಕೆ ಎರಡು ಸಂಜೆ ಗಣಿತ ಅಂತ ಗೊತ್ತು ಮಾಡಿಕೊಂಡು ಆಮೇಲೆ ಅವರ ಮುಂದೆ ಕೂರು. ಬರಿಗೈಯಲ್ಲಿ ವಾದಕ್ಕೆ ಹೋಗಬೇಡ.

ಇನ್ನು ವರ್ಕ್ ಎಕ್ಸ್‌ಪೀರಿಯನ್ಸ್. ಈ ವರ್ಷದಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸುವುದು ಇದೇ, ನಮ್ಮವರು ಕೆಡಿಸುವುದೂ ಇದನ್ನೇ. ಕೆಲವು ಶಾಲೆಗಳಲ್ಲಿ ಒಂದೆರಡು ವಾರದ ಸರದಿ, ಕೆಲವು ಕಡೆ ವಾರಕ್ಕೊಂದು ದಿನ. ಜಾಗ ಹುಡುಕುವುದು ಹೆಚ್ಚಾಗಿ ವಿದ್ಯಾರ್ಥಿಯ ಹೊಣೆ. ನಮ್ಮ ಅಪ್ಪಂದಿರು ತಕ್ಷಣ ‘ನಮ್ಮ ಆಫೀಸಿಗೇ ಬಾ’ ಅಂತಾರೆ. ಮಗ ತಿರುಗುವ ಕುರ್ಚಿಯಲ್ಲಿ ಕೂತು, ಅಪ್ಪನ ಸ್ನೇಹಿತರು ಕೋಡ್ ಬರೆಯುವುದನ್ನು ನೋಡಿ ಆಕಳಿಸಿ, ಮಧ್ಯಾಹ್ನ ಅಪ್ಪನ ಡಬ್ಬಿಯಲ್ಲೇ ಚಿತ್ರಾನ್ನ ತಿಂದು, ಅಪ್ಪನ ಕಾರಿನಲ್ಲೇ ಮನೆಗೆ ಬರುತ್ತಾನೆ. ಅವನಿಗೆ ಗೊತ್ತಿಲ್ಲದ ಯಾರೊಬ್ಬರೂ ಅವನಿಗೆ ಒಂದು ಕೆಲಸ ಹೇಳಲಿಲ್ಲ. ನಿನ್ನಪ್ಪ ಕರೆದರೆ ‘ಬೇಡಪ್ಪಾ, ಮೊದಲು ನಾನೇ ಕೇಳಿ ನೋಡ್ತೀನಿ’ ಅನ್ನು. ಬೇಸರ ಮಾಡಿಕೊಳ್ಳುವುದಿಲ್ಲ, ಒಳಗೊಳಗೇ ಖುಷಿಪಡುತ್ತಾರೆ.

ಮನೆ ಹತ್ತಿರದ ಔಷಧಿ ಅಂಗಡಿ, ದನ-ನಾಯಿಗಳ ಡಾಕ್ಟರ ಕ್ಲಿನಿಕ್ಕು, ಲೈಬ್ರರಿ, ಬೇಕರಿ ಯಾವುದಾದರೂ ಆಗಬಹುದು. ಇಮೇಲ್ ಕಳಿಸಿ ಕಾಯುತ್ತಾ ಕೂರಬೇಡ, ಜನ ಕಮ್ಮಿ ಇರುವ ಹೊತ್ತು ನೋಡಿ ಹೋಗು. ಔಷಧಿ ಅಂಗಡಿಗೆ ಸೋಮವಾರ ಬೆಳಿಗ್ಗೆ ಹೋದರೆ ಯಾರಿಗೂ ನಿನ್ನ ಮುಖ ನೋಡಲು ಪುರುಸೊತ್ತಿರುವುದಿಲ್ಲ. ಹೆಸರು, ಶಾಲೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ವಿಮೆಯ ಪತ್ರ ಶಾಲೆಯೇ ಕೊಡುತ್ತದೆ: ಇಷ್ಟನ್ನು ನಿಂತ ಕಾಲಲ್ಲೇ ಹೇಳಲು ಬರಬೇಕು. ನಾಲ್ಕು ಕಡೆ ಆಗಲ್ಲ ಅಂತಾರೆ. ಅದಕ್ಕೆ ‘ಥ್ಯಾಂಕ್ಯೂ’ ಹೇಳಿ ಹೊರಬರುವುದೂ ಕಲಿಯಬೇಕಾದ್ದೇ. ಮೆಡಿಸಿನ್ ಆಸೆಗೆ ಸೇಂಟ್ ಸ್ಟೀಫನ್ಸ್ ಗ್ರೀನ್ ಪಕ್ಕದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನವರು ಈ ವರ್ಷದ ಮಕ್ಕಳಿಗಾಗಿಯೇ ‘ಮಿನಿಮೆಡ್’ ಅಂತ ನಡೆಸುತ್ತಾರೆ. ಬೇಕೆನ್ನುವವರು ಬಹಳ, ಜಾಗ ಕಮ್ಮಿ. ಅರ್ಜಿ ಹಾಕು, ಆದರೆ ಅದೊಂದನ್ನೇ ನೆಚ್ಚಿಕೊಂಡಿರಬೇಡ.

ಅಮ್ಮನ ಗಾಬರಿ ಬೇರೆ ಥರ. ‘ಹದಿನೈದು ವರ್ಷದ ಹುಡುಗೀನ ಸಂಬಳ ಇಲ್ಲದೆ ದುಡಿಸಿಕೊಳ್ತಾರಾ?’ ಅಂತ ಅವಳು ಕೇಳುತ್ತಾಳೆ. ಸಂಬಳ ಸಾಮಾನ್ಯವಾಗಿ ಇರುವುದಿಲ್ಲ ಅಂತ ನೇರವಾಗಿ ಹೇಳು. ಜೊತೆಗೆ, 1996ರ ಕಾನೂನೊಂದು ಹರೆಯದವರ ದುಡಿಮೆಗೆ ಮಿತಿ ಹಾಕಿದೆ ಅಂತಲೂ ಹೇಳು: ನಿನ್ನ ವಯಸ್ಸಿನವರಿಗೆ ಇಂಥ ಅನುಭವದ ಕೆಲಸದಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತು ಗಂಟೆ ದಾಟುವಂತಿಲ್ಲ. ಎರಡು ವಾರ ಬರೀ ಗುಡಿಸುವುದಕ್ಕೇ ಹಚ್ಚಿದರೆ, ಇಲ್ಲವೇ ಯಾರ ಮಾತೋ ನೋಟವೋ ಸರಿ ಕಾಣದಿದ್ದರೆ, ಅವತ್ತೇ ಶಾಲೆಯ ಕೋಆರ್ಡಿನೇಟರ್‌ಗೂ ಅಮ್ಮನಿಗೂ ಹೇಳು. ‘ನಾನೇ ಹುಡುಕಿದ ಜಾಗ, ಹೇಗೆ ಬಿಡಲಿ’ ಅಂತ ಸಹಿಸಿಕೊಳ್ಳಬೇಡ.

ನಾನು ಕೆಲಸ ಮಾಡುವ, ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿಗೆ ಹೋದ ವರ್ಷ ಇಂಥದೇ ಅನುಭವಕ್ಕೆ ಬಂದಿದ್ದ ಹುಡುಗನ ಸಂಗತಿ ಹೇಳುತ್ತೇನೆ. ನಮ್ಮವನೇ, ತುಮಕೂರು ಕಡೆಯವರ ಮಗ. ಮೊದಲ ದಿನ ಲಿನನ್ ಬೀರುವಿನ ಪಕ್ಕ ಫೋನ್ ನೋಡುತ್ತಾ ನಿಂತಿದ್ದ. ಫೋನನ್ನು ಲಾಕರಿನಲ್ಲಿ ಇಡಿಸಿ, ಹನ್ನೊಂದು ಗಂಟೆಯ ಟೀ ಗಾಡಿಯ ಜೊತೆ ಕಳಿಸಿದೆ. ನಿನಗೆ ಗೊತ್ತಿರಲಿ, ನಮ್ಮಲ್ಲಿ ಎಲ್ಲರಿಗೂ ಒಂದೇ ಟೀ ಅಲ್ಲ. ಪಾರ್ಶ್ವವಾಯು ಆದವರಿಗೆ, ಪಾರ್ಕಿನ್ಸನ್ಸ್ ಇರುವವರಿಗೆ ನುಂಗುವ ಶಕ್ತಿ ಕುಗ್ಗಿರುವುದುಂಟು. ನೀರಾದ ಟೀ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಅಂಥವರ ಟೀಗೆ ಗಟ್ಟಿ ಮಾಡುವ ಪುಡಿ ಹಾಕುತ್ತೇವೆ, ಯಾರಿಗೆ ಎಷ್ಟು ಅಂತ ಗಾಡಿಯ ಮೇಲೇ ಪಟ್ಟಿ. ಪುಡಿ ಮುಟ್ಟುವ ಕೆಲಸ ಅವನದಲ್ಲ. ಆದರೆ ಪ್ರತಿ ಕಪ್ ಕೊಡುವ ಮುಂಚೆ ಪಟ್ಟಿ ನೋಡಿ, ನಮ್ಮ ಕೇರ್ ಅಸಿಸ್ಟೆಂಟನ್ನು ‘ಇವರದು ಯಾವುದು?’ ಅಂತ ಕೇಳಲೇಬೇಕು. ಎರಡನೇ ದಿನಕ್ಕೆ ಕೇಳುವುದು ರೂಢಿಯಾಯಿತು. ಮೂರನೇ ದಿನ ಹೊಸದಾಗಿ ಬಂದವರೊಬ್ಬರ ಹೆಸರು ಪಟ್ಟಿಯಲ್ಲಿ ಕಾಣದೆ ಕಪ್ಪನ್ನು ಕೈಯಲ್ಲೇ ಹಿಡಿದು ನಿಂತ. ಅವರು ‘ಕೊಡೋ ಮಾರಾಯ’ ಅನ್ನುವ ಹಾಗೆ ಕೈ ಚಾಚುತ್ತಿದ್ದರೂ ಕೊಡಲಿಲ್ಲ, ಬಂದು ನನ್ನನ್ನು ಕೇಳಿದ.

ಆಮೇಲೆ ಕಿಟಕಿ ಪಕ್ಕದ ಅಜ್ಜನೊಬ್ಬರಿಗೆ ಪೇಪರಿನ ಸಾವಿನ ಸುದ್ದಿಯ ಪುಟ ಓದಿ ಹೇಳುವ ಕೆಲಸ ಅವನಿಗೆ ಬಿತ್ತು. ಇಲ್ಲಿನ ಹಿರಿಯರಿಗೆ ಅದು ಬೆಳಗಿನ ಕಾಫಿಯಷ್ಟೇ ಮುಖ್ಯ. ಊರಿನ ಹೆಸರುಗಳನ್ನು ಇವನು ತಪ್ಪುತಪ್ಪಾಗಿ ಓದುವುದು, ಅಜ್ಜ ತಿದ್ದುವುದು, ತಿದ್ದುತ್ತಾ ಆ ಊರಿನ ಹರ್ಲಿಂಗ್ ಪಂದ್ಯದ ಕಥೆಗೆ ಇಳಿಯುವುದು. ಎರಡನೇ ವಾರ ಹುಡುಗ ಹತ್ತು ನಿಮಿಷ ತಡವಾಗಿ ಬಂದಾಗ ಅಜ್ಜ ಗಡಿಯಾರ ತೋರಿಸಿ ಬೈದರು.

ಇಷ್ಟೆಲ್ಲ ಆಯಿತಾ? ಅದರ ಮುಂದಿನ ತಿಂಗಳು ಯುಗಾದಿ ಕಾರ್ಯಕ್ರಮದಲ್ಲಿ ಅವನ ತಾಯಿ ಸಿಕ್ಕಿದರು. ‘ಎರಡು ವಾರ ಟೀ ಕೊಡಿಸಿದ್ರಂತೆ, ಇದಕ್ಕಾ ಶಾಲೆ ಬಿಡಿಸಿದ್ದು?’ ಅಂತ ನನಗೇ ದಬಾಯಿಸಿದರು. ಅವರನ್ನು ಹೇಗೆ ದೂರಲಿ? ದಿನಾ ಸಂಜೆ ‘ಏನ್ ಮಾಡಿದ್ಯೋ’ ಅಂದಾಗೆಲ್ಲ ‘ಟೀ ಕೊಟ್ಟೆ, ಅಷ್ಟೇ’ ಅನ್ನುವುದೊಂದೇ ಅವನ ಉತ್ತರ. ಪುಡಿಯ ವಿಷಯ, ಪಟ್ಟಿಯ ವಿಷಯ, ಕೈಯಲ್ಲೇ ಉಳಿದ ಕಪ್ಪಿನ ವಿಷಯ ಅಲ್ಲೇ ನಿಂತು ನಾನು ಹೇಳಿದೆ. ಆ ತಾಯಿ ಸುಮ್ಮನೆ ಕೇಳಿಸಿಕೊಂಡು, ‘ಒಂದು ಮಾತು ಹೇಳಲಿಲ್ಲ ನೋಡಿ’ ಅಂದರು. ಮಗನ ಮೇಲೆ ಸಿಟ್ಟೋ ಹೆಮ್ಮೆಯೋ ಮುಖದಲ್ಲಿ ಗೊತ್ತಾಗಲಿಲ್ಲ.

ನೀನು ಹಾಗೆ ಮಾಡಬೇಡ. ಶಾಲೆ ಕೊಡುವ ದಿನಚರಿ ಪುಸ್ತಕದಲ್ಲಿ ‘ಇವತ್ತು ಬಹಳ ಕಲಿತೆ’ ಅಂತ ಗೀಚುವ ಬದಲು, ಎಷ್ಟು ಗಂಟೆಗೆ ಏನಾಯಿತು, ಯಾರು ಹೇಗೆ ತೋರಿಸಿಕೊಟ್ಟರು, ಎಲ್ಲಿ ತಡವರಿಸಿದೆ ಅಂತ ಬರೆ. ಅದನ್ನೇ ರಾತ್ರಿ ಊಟದ ಹೊತ್ತಿಗೆ ಹೇಳು. ಅಪ್ಪ ಫೋನ್ ನೋಡುತ್ತಿದ್ದರೂ ಹೇಳು, ಕಿವಿ ಇಲ್ಲೇ ಇರುತ್ತದೆ. ಒಂದು ಎಚ್ಚರ: ರೋಗಿಯ ಹೆಸರು, ಗಿರಾಕಿ ಕೊಂಡ ಔಷಧಿ, ಅಲ್ಲಿ ತೆಗೆದ ಫೋಟೊ, ಇವು ಮನೆಗೂ ಬರಬಾರದು, ವಾಟ್ಸ್ಆಪಿಗೂ ಹೋಗಬಾರದು. ‘ಒಬ್ಬರು ಅಜ್ಜ’ ಅಂದರೆ ಸಾಕು.

ಕೊನೆಗೊಂದು ತಾರೀಕಿನ ವಿಷಯ. ನಿನಗೆ ಹದಿನಾರು ತುಂಬುವುದು ಜನವರಿಯಲ್ಲಿ. ಮಕ್ಕಳು, ವೃದ್ಧರು, ರೋಗಿಗಳು ಇರುವ ಕಡೆ ಕೆಲಸಕ್ಕೆ ಗಾರ್ಡಾ ವೆಟ್ಟಿಂಗ್, ಅಂದರೆ ಪೊಲೀಸರ ಹಿನ್ನೆಲೆ ತಪಾಸಣೆ ಕೇಳುತ್ತಾರೆ, ಹದಿನಾರು ತುಂಬದವರಿಗೆ ಅದನ್ನು ಮಾಡುವುದಿಲ್ಲ. ಹಾಗಾಗಿ ಕ್ರಿಸ್‌ಮಸ್‌ಗೆ ಮುಂಚಿನ ಸರದಿಗೆ ಲೈಬ್ರರಿಯನ್ನೋ ಬೇಕರಿಯನ್ನೋ ನೋಡಿಕೋ, ನರ್ಸಿಂಗ್ ಹೋಮನ್ನು ಈಸ್ಟರ್ ಕಡೆಗೆ ಇಟ್ಟುಕೋ. ನನ್ನ ಜಾಗಕ್ಕೆ ಬರಬೇಡ, ಬೇರೆ ಕಡೆ ಕೇಳು. ವೆಟ್ಟಿಂಗ್ ಮುಗಿಯಲು ವಾರಗಟ್ಟಲೆ ಹಿಡಿಯಬಹುದು, ಹದಿನೆಂಟರ ಒಳಗಿನವರಿಗೆ ಅಪ್ಪನದೋ ಅಮ್ಮನದೋ ಒಪ್ಪಿಗೆಯ ಸಹಿ ಬೇಕು. ಅಂದರೆ ಒಂದಲ್ಲ, ಎರಡು ಫಾರ್ಮಿನ ಮಾತು ನೀನು ಆಡಬೇಕಾಗಿದೆ. ಭಾನುವಾರ ನಾನು ಬರುತ್ತೇನೆ. ಅಷ್ಟರೊಳಗೆ ಮಾತಾಡಿರು, ನನ್ನ ಕೈಯಲ್ಲಿ ಹೇಳಿಸಬೇಡ.

ನಿನ್ನ ದೊಡ್ಡಮ್ಮ