ನಿನ್ನ ಮುತ್ಯಾನ ತೊಗರಿ

ಕಾಚಿಗುಡ, ಹೈದರಾಬಾದ್

ಮುದ್ದಿನ ಮಗಳೇ,

ನೀನು ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ತೊಗರಿಯ ಮೇಲೆ ಸಂಶೋಧನೆ ಮಾಡಲು ಸೇರಿಕೊಂಡೆ ಎಂದು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಅಂದಿನಿಂದ ನಿನಗೆ ಬರೆಯಬೇಕು ಎಂದು ಒಂದೇ ಸಮನೆ ಅನಿಸುತ್ತಿದೆ. ಒಂದೇ ಊರಲ್ಲಿದ್ದು ಕಾಗದ ಯಾಕೆ ಎಂದು ಕೇಳಬೇಡ. ನೀನು ಮನೆಗೆ ಬಂದರೆ ಊಟ, ಉಪಚಾರ, ಅವರಿವರ ಸುದ್ದಿ ಇದರಲ್ಲೇ ಹೊತ್ತು ಹೋಗುತ್ತದೆ. ನನ್ನಪ್ಪನ, ಅಂದರೆ ನಿನ್ನ ಮುತ್ಯಾನ, ವಿಷಯ ಹಾಗೆ ಅಡ್ಡಾಡುತ್ತ ಹೇಳುವಂಥದ್ದಲ್ಲ.

ನೀನು ಅವನನ್ನು ನೋಡಲಿಲ್ಲ. ರುಮಾಲು ಸುತ್ತಿಕೊಂಡು ಕುಳಿತ ಒಂದು ಫೋಟೋ ನೋಡಿದ್ದೀ, ಮದುವೆಮನೆಗಳಲ್ಲಿ ಹಿರಿಯರು "ದೇವರಂಥಾ ಮನಷ್ಯಾ ಇದ್ದ" ಎನ್ನುವುದನ್ನು ಕೇಳಿದ್ದೀ. ಅದು ನಿಜ. ಆದರೆ ಆ ಮಾತಿನಲ್ಲಿ ಮುತ್ಯಾ ಸಿಗುವುದಿಲ್ಲ, ಎಷ್ಟೋ ಮನೆಗಳ ಎಷ್ಟೋ ಹಿರಿಯರಿಗೆ ಅದೇ ಮಾತು ಹೇಳುತ್ತಾರೆ. ಅವನು ಹೊಲದಲ್ಲಿ ಏನು ಮಾಡುತ್ತಿದ್ದ, ಬೆಳೆಯನ್ನು ಹೇಗೆ ನೋಡುತ್ತಿದ್ದ ಎನ್ನುವುದು ನಿನಗೆ ಗೊತ್ತಾಗಬೇಕು. ನೀನು ಹಿಡಿದ ಕೆಲಸ ನಮ್ಮ ಮನೆಗೆ ಹೊಸದಲ್ಲ ಮಗಳೇ, ಅದನ್ನೇ ನಾನು ಹೇಳಹೊರಟಿದ್ದು.

ನಮ್ಮ ಹೊಲ ಇರುವುದು ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ಸೀಮೆಯಲ್ಲಿ. ಆ ನದಿಯ ದಂಡೆಯ ಮೇಲೇ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯ ಮುಂದೆ ಹಾದುಹೋಗುವಾಗಲೆಲ್ಲ ಈ ರಾಜ ನಮ್ಮ ಹೊಲದ ನೆರೆಯವನು ಎಂದು ನನಗೆ ಹೆಮ್ಮೆ. ಮಣ್ಣು ಅಪ್ಪಟ ಎರೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಚಪ್ಪಲಿ ಬಿಡಿಸಿಕೊಳ್ಳುತ್ತದೆ. ಜೂನ್ ಮೊದಲ ವಾರ ದಾಟುತ್ತಲೇ ನಾಂಪಲ್ಲಿಯ ನುಮಾಯಿಷ್ ಮೈದಾನದಲ್ಲಿ ದಮ್ಮಿನವರಿಗೆ ಮೀನು ನುಂಗಿಸುವುದನ್ನು ನೀನು ಟೀವಿಯಲ್ಲಿ ನೋಡಿರುತ್ತೀ. ಮೃಗಶಿರಾ ಮಳೆ ಕೂಡುವ ದಿನ ಅದು. ನಾವು ಮಿರಗ ಅನ್ನುತ್ತೇವೆ. ಇಲ್ಲಿ ಜನ ಸಾಲು ನಿಂತಿರುವ ಹೊತ್ತಿಗೆ ಅಲ್ಲಿ ನಿನ್ನ ಮುತ್ಯಾ ಕೂರಿಗೆ ತೊಳೆದು, ಹಗ್ಗ ಬಿಗಿದು, ಮುಗಿಲು ನೋಡುತ್ತ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ.

ಬರೀ ತೊಗರಿ ಅವನು ಎಂದೂ ಬಿತ್ತಲಿಲ್ಲ. ಮುಂಗಾರಿ ಜೋಳದ ಸಾಲುಗಳ ನಡುನಡುವೆ ತೊಗರಿ, ಬದುವಿನ ಗುಂಟ ಒಂದಿಷ್ಟು ಎಳ್ಳು, ಪುಂಡಿಪಲ್ಲೆ. ಜೋಳ ಮೊದಲು ಕೊಯ್ಲಿಗೆ ಬರುತ್ತಿತ್ತು. ಅದು ಹೋದ ಮೇಲೆ ಜಾಗ ಸಿಕ್ಕ ತೊಗರಿ ಮೈದುಂಬಿ ಟಿಸಿಲೊಡೆದು, ದಸರಾ ದೀವಳಿಗೆಯ ಹೊತ್ತಿಗೆ ಹೊಲವೆಲ್ಲ ಹಳದಿ ಹೂವು. ಆ ಹೂವಿನ ಹೊತ್ತಿಗೇ ಅವನಿಗೆ ಆತಂಕ ಶುರುವಾಗುವುದು. ಅಷ್ಟು ದಿನ ಹಸಿರಾಗಿ ನಿಂತ ಗಿಡ ಇದ್ದಕ್ಕಿದ್ದಂತೆ ಎಲೆ ಜೋಲುಬಿಟ್ಟು ಒಣಗುತ್ತಿತ್ತು. ನೆಟೆ ರೋಗ.

ಒಂದು ಸಂಜೆ ಅವನು ಅಂಥ ಗಿಡವೊಂದನ್ನು ಕಿತ್ತು ತಂದು, ಕುಡುಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ ನಮ್ಮ ಮುಂದೆ ಹಿಡಿದ. ಒಳಗೆ ಬಿಳಿಯ ತಿರುಳಿನ ಬದಿಗೆ ಕಪ್ಪು ಗೆರೆಗಳು. "ನೋಡ್ರಿ, ಇದರ ನರಾ ಕರ್ರಗಾಗ್ಯಾವ. ನೀರು ಮ್ಯಾಲ ಹತ್ತವಲ್ದು" ಅಂದ. ಪಕ್ಕದಲ್ಲೇ ಒಂದು ಒಳ್ಳೆಯ ಗಿಡವನ್ನೂ ಸೀಳಿ ಇಟ್ಟ. ಎರಡನ್ನೂ ನೋಡದೆ ರೋಗ ತಿಳಿಯದು ಎನ್ನುವುದು ಅವನ ನೇಮ. ಇದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಬೂಷ್ಟು, ಬೇರಿನಿಂದ ಒಳಹೊಕ್ಕು ನೀರಿನ ದಾರಿ ಕಟ್ಟುತ್ತದೆ ಎಂದು ನೀನು ಮೊನ್ನೆ ವಿವರಿಸಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕುಡುಗೋಲು. ಬೂಷ್ಟಿನ ಹೆಸರು ಅವನಿಗೆ ಗೊತ್ತಿರಲಿಲ್ಲ. ಆದರೆ ನೆಟೆ ಬಿದ್ದ ತುಂಡಿನಲ್ಲಿ ಮತ್ತೆ ತೊಗರಿ ಹಾಕದೆ ಮೂರ್ನಾಲ್ಕು ವರ್ಷ ಜೋಳವನ್ನೇ ಬಿತ್ತುತ್ತಿದ್ದ, ಜೋಳದ ಸಂಗಡ ಇದ್ದ ತೊಗರಿಗೆ ರೋಗ ಕಡಿಮೆ ಎನ್ನುತ್ತಿದ್ದ. ನಿಮ್ಮ ಪಟಾನ್‌ಚೆರುವಿನ ವಿಜ್ಞಾನಿಗಳೂ 1980ರ ದಶಕದಲ್ಲಿ ಪ್ರಯೋಗ ಮಾಡಿ ಅದನ್ನೇ ಕಂಡುಕೊಂಡರು ಎಂದು ನಿನ್ನಿಂದಲೇ ಕೇಳಿದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಸಂತೋಷಕ್ಕೆ.

ಇನ್ನು ತಾಂಡೂರಿನ ವಿಷಯ. ಇದನ್ನು ಗಮನವಿಟ್ಟು ಓದು. ನಿಜಾಮರ ಕಾಲದಲ್ಲಿ ಸೇಡಂ, ತಾಂಡೂರು, ಕೊಡಂಗಲ್ ಎಲ್ಲ ಒಂದೇ ಗುಲ್ಬರ್ಗಾ ಜಿಲ್ಲೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, ಆಗ ಮುತ್ಯಾ ಹರೆಯದ ಹುಡುಗ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಸೇಡಂ ಮೈಸೂರಿಗೆ ಬಂತು, ತಾಂಡೂರು ಕೊಡಂಗಲ್ ಆಂಧ್ರಕ್ಕೆ ಹೋದವು. ಮುತ್ಯಾನ ಅಕ್ಕನನ್ನು ಕೊಟ್ಟದ್ದು ತಾಂಡೂರಿಗೆ. ಹೀಗೆ ಅವನ ಅಕ್ಕ ಬೇರೆ ರಾಜ್ಯದವಳಾದಳು. ಮಣ್ಣು ಮಾತ್ರ ಅದೇ ಎರೆ, ಬೆಳೆ ಅದೇ ತೊಗರಿ, ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲೂ ಅದೇ.

1972ರ ಬರಗಾಲ ಬಂದಾಗ ನಾನು ತಿಳಿವಳಿಕೆ ಬಂದ ಹುಡುಗಿ. ಮಿರಗ ಹುಸಿ ಹೋಯಿತು, ಆರಿದ್ರಾ ಹುಸಿ ಹೋಯಿತು, ಹಿಂಗಾರಿಯೂ ಕೈಕೊಟ್ಟಿತು. ಹಗೇವಿನ ತಳ ಕೆರೆದು ತೆಗೆದ ಜೋಳ ಮುಗ್ಗಲು ಹಿಡಿದಿತ್ತು, ಅದನ್ನೇ ತೊಳೆದು ಒಣಗಿಸಿ ಬೀಸಿದೆವು. ಆಮೇಲೆ ಸರ್ಕಾರ ಹಂಚಿದ ಹೊರದೇಶದ ಕೆಂಪು ಜೋಳ. ಆ ಹಿಟ್ಟಿಗೆ ರೊಟ್ಟಿ ಬಡಿದರೆ ಅಂಚೆಲ್ಲ ಸೀಳುತ್ತಿತ್ತು. ತನ್ನ ಹೊಲದಲ್ಲಿ ಆಳು ಇಟ್ಟು ದುಡಿಸಿದ ನಿನ್ನ ಮುತ್ಯಾ ಅದೇ ಆಳುಗಳ ಪಕ್ಕದಲ್ಲಿ ಕುಳಿತು ಬರಗಾಲದ ರಸ್ತೆಗೆ ಖಡಿ ಒಡೆದ. ಮನೆಗೆ ಬಂದಾಗ ಅಂಗೈ ನೋಡಲಾಗುತ್ತಿರಲಿಲ್ಲ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಳುಗಳ ಜತೆಗಿನ ಸಲುಗೆ ಮಾತ್ರ ಮುಂದೆ ಎಂದೆಂದಿಗೂ ಉಳಿಯಿತು.

ಮನೆಯಲ್ಲಿ ಬೀಜದ ತೊಗರಿ ಒಂದು ಮಡಕೆಯಲ್ಲಿತ್ತು. ಬೂದಿ ಕಲಸಿ, ಬೇವಿನ ಸೊಪ್ಪು ಹಾಕಿ, ಬಾಯಿಗೆ ಸಗಣಿ ಸಾರಿಸಿ ಅವ್ವ, ಅಂದರೆ ನಿನ್ನ ಆಯಿ, ಮುಚ್ಚಿಟ್ಟಿದ್ದಳು. ಹಸಿದು ಸತ್ತರೂ ಒಕ್ಕಲಿಗ ಬೀಜ ಉಣ್ಣಬಾರದು ಎಂದು ಊರಿನಲ್ಲಿ ಮಾತು. ನಿಮ್ಮಪ್ಪ ಆಗ ಇನ್ನೂ ಶಾಲೆಗೆ ಹೋಗದ ಕೂಸು. ಕೆಂಪು ಜೋಳ ಅವನ ಹೊಟ್ಟೆಗೆ ಒಗ್ಗಲಿಲ್ಲ, ವಾಂತಿ ಭೇದಿಯಾಗಿ ಕೈಕಾಲು ಕಡ್ಡಿಯಾದವು. ಒಂದು ದಿನ ಆಯಿ ಯಾರನ್ನೂ ಕೇಳದೆ ಮಡಕೆಯ ಬಾಯಿ ಒಡೆದಳು. ತೊಗರಿ ಹುರಿದು ಬೀಸಿ, ತಿಳಿಯಾಗಿ ಬೇಳೆಕಟ್ಟು ಮಾಡಿ ಮಗನಿಗೆ ಕುಡಿಸಿದಳು. ಸಂಜೆ ಮುತ್ಯಾ ಬಂದವನು ಒಲೆಯ ಪಕ್ಕ ಬಾಯಿ ತೆರೆದ ಮಡಕೆ ನೋಡಿದ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಅವನು ಕೂಸಿನ ಹಣೆ ಮುಟ್ಟಿ ನೋಡಿ, "ನಾಳೀನೂ ಮಾಡು. ಬೀಜಾ ನಾ ಹುಡುಕಿ ತರ್ತೀನಿ" ಅಂದ. ಆ ಮಡಕೆ ಹೀಗೇ ಖಾಲಿಯಾಯಿತು. ನಿಮ್ಮಪ್ಪ ಉಳಿದುಕೊಂಡ.

ದೇವರಂಥ ಮನುಷ್ಯ ಅನ್ನುವವರಿಗೆ ಈ ಸಂಜೆ ಗೊತ್ತಿಲ್ಲ. ನನ್ನ ಪಾಲಿಗೆ ಅವನು ಬಹು ದೊಡ್ಡವನಾದದ್ದು ಅಂದೇ. ಕಟ್ಟಳೆ ಅವನಿಗೆ ಗೊತ್ತಿತ್ತು, ಅದರ ಬೆಲೆಯೂ ಗೊತ್ತಿತ್ತು. ಅದನ್ನು ಮುರಿದ ಹೆಂಡತಿಗೆ ಒಂದೂ ಗಡಸು ಮಾತು ಆಡಲಿಲ್ಲ.

ಮರುವರ್ಷ ಬಿತ್ತಿಗೆಗೆ ಬೀಜ ಎಲ್ಲಿಯದು? ಸಾಹುಕಾರರಲ್ಲಿ ತಂದರೆ ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಅಳೆಯಬೇಕು. ಮುತ್ಯಾ ಸೇಡಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ತಾಂಡೂರಿಗೆ ಹೋಗಿ ಅಕ್ಕನ ಮುಂದೆ ಕುಳಿತ. ಅವರ ಮನೆಯಲ್ಲಿ ಹಿಂದಿನ ಸುಗ್ಗಿಯ ಬೀಜ ಉಳಿದಿತ್ತು. ಹೆಗಲ ಮೇಲೆ ಚೀಲ ಹೊತ್ತುಕೊಂಡೇ ಬಂದ. ಅಕ್ಕ ತಿರುಗಿ ಏನೂ ಬೇಡವೆಂದಳು. ಆದರೂ ಅವಳು ಇರುವವರೆಗೆ ಪ್ರತಿ ಸುಗ್ಗಿಗೆ ಒಂದು ಚೀಲ ತೊಗರಿ ತಾಂಡೂರಿಗೆ ಹೋಗುತ್ತಿತ್ತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಎರಡೂ ಸುದ್ದಿಗೆ ನಾನು ಮನೆಯಲ್ಲಿ ಹೋಳಿಗೆ ಮಾಡಿದೆ. ನಮ್ಮ ಹೊಲದಲ್ಲಿ ಬೆಳೆದದ್ದು ಅಕ್ಕನ ಮನೆಯ ಬೀಜ, ಅದನ್ನು ಯಾವ ರಾಜ್ಯದ್ದು ಎಂದು ನಾನು ಹೇಗೆ ಹಂಚಲಿ?

ಇಕ್ರಿಸ್ಯಾಟ್ ಶುರುವಾದದ್ದೂ ಅದೇ 1972ರಲ್ಲಿ ಎಂದು ನನಗೆ ತಿಳಿದದ್ದು ತೀರ ಈಚೆಗೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಎಂದು ನಿಮ್ಮ ಸಂಸ್ಥೆಯ ಬೆಳೆಗಳನ್ನು ನೀನು ಎಣಿಸಿದೆಯಲ್ಲ, ಅದು ಮುತ್ಯಾನ ಊಟದ ತಾಟು ಕಣವ್ವಾ! ಖಡಿ ಒಡೆಯುತ್ತಿದ್ದ ಆ ಮನುಷ್ಯನಿಗೆ, ತನ್ನಂಥವರ ಬೆಳೆಗಳಿಗಾಗಿಯೇ ಹೈದರಾಬಾದಿನ ಪಕ್ಕದಲ್ಲಿ ಒಂದು ಮನೆ ಏಳುತ್ತಿದೆ ಎಂದು ಯಾರಾದರೂ ಹೇಳಿದ್ದರೆ ಎಷ್ಟು ಧೈರ್ಯ ಬರುತ್ತಿತ್ತೋ.

ಅಲ್ಲಿಂದ ಅವನ ಹೊಲಕ್ಕೆ ಬಂದದ್ದು ಮಾರುತಿ ತಳಿ. ನೆಟೆಗೆ ಜಗ್ಗದ ತೊಗರಿ ಎಂದು 1986ರಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆಯಾಯಿತು. ಒಂದೆರಡು ವರ್ಷದಲ್ಲಿ ನಮ್ಮ ಸೀಮೆಯಲ್ಲಿ ಅದರದ್ದೇ ಮಾತು. ಸರೀಕರು ಹೊಲ ತುಂಬ ಅದನ್ನೇ ಬಿತ್ತಿದರು, ಕೆಲವರು ಕೈಯಿಂದ ಮುಟ್ಟಲೂ ಒಲ್ಲೆ ಎಂದರು. ಮುತ್ಯಾ ಎರಡೂ ಮಾಡಲಿಲ್ಲ. ಎಲ್ಲಕ್ಕಿಂತ ಕೆಟ್ಟ ನೆಟೆಯ ತುಂಡನ್ನೇ ಆರಿಸಿ, ಅಲ್ಲಿ ಒಂದು ಪಟ್ಟಿ ಮಾರುತಿ, ಮಗ್ಗುಲಿಗೆ ಒಂದು ಪಟ್ಟಿ ಅಕ್ಕನ ಮನೆಯ ಬೀಜ ಬಿತ್ತಿದ. ಒಂದೇ ದಿನ, ಒಂದೇ ಕೂರಿಗೆ. ಹೂವಿನ ಹೊತ್ತಿಗೆ ಹಳೆಯ ಪಟ್ಟಿಯಲ್ಲಿ ಅಲ್ಲಲ್ಲಿ ಗಿಡ ಒಣಗುತ್ತ ಬಂದವು, ಮಾರುತಿ ನೆಟ್ಟಗೆ ನಿಂತಿತು. ದಿನಾ ಹೋಗಿ ಒಣಗಿದ ಗಿಡಗಳನ್ನು ಎಣಿಸಿ ಬದುವಿನ ಕಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ. ಮರುವರ್ಷ ಕೆಟ್ಟ ತುಂಡಿಗೆಲ್ಲ ಮಾರುತಿ ಬಂತು. ಒಳ್ಳೆಯ ತುಂಡಿನಲ್ಲಿ ಹಳೆಯದೇ ಮುಂದುವರಿಯಿತು. ಅದರ ಬೇಳೆಯ ರುಚಿ ಬೇರೆ ಎಂದು ಆಯಿ ಹಟ ಹಿಡಿದಿದ್ದಳು, ಅವಳ ಮಾತೂ ಅವನಿಗೆ ಲೆಕ್ಕವೇ.

ನಿಮ್ಮ ಪ್ರಯೋಗದ ಪಟ್ಟಿಗಳ ಚಿತ್ರ ನೀನು ಮೊಬೈಲಿನಲ್ಲಿ ತೋರಿಸಿದಾಗ ನನಗೆ ಆ ಇದ್ದಿಲ ಗೆರೆಗಳು ಕಂಡವು. ಎಣಿಸುವ ಕೆಲಸ ಬೇಸರ ತಂದ ದಿನ ಅವನನ್ನು ನೆನೆಸಿಕೊ.

ಒಮ್ಮೆ ಅವನು ನಮ್ಮ ಮನೆಗೆ ಬಂದಾಗ, ಬೀಜ ಬಂದ ಜಾಗ ನೋಡಬೇಕು ಅಂದ. ನಿನ್ನ ಮಾಮಾ ಬಸ್ಸಿನಲ್ಲಿ ಪಟಾನ್‌ಚೆರುವಿಗೆ ಕರೆದುಕೊಂಡು ಹೋದರು. ಗೇಟಿನ ಹೊರಗೇ ನಿಂತು ನೋಡಿ ಬಂದರು. ಅಲ್ಲಿ ಎರೆಯೂ ಇದೆ, ಕೆಂಪು ಮಸಾರಿಯೂ ಇದೆ ಎಂದು ಮಾಮಾ ಯಾರಿಂದಲೋ ಕೇಳಿ ಹೇಳಿದ್ದಕ್ಕೆ ಅವನಿಗೆ ಭಾರೀ ಸಮಾಧಾನ. "ಎರಡೂ ಮಣ್ಣಿನಾಗ ನೋಡ್ಲತ್ತಾರ ಅಂದ್ರ ತಿಳದವರೇ ಅದಾರ" ಎಂದು ಊಟಕ್ಕೆ ಕುಳಿತಾಗಲೂ ಅದನ್ನೇ ಹೇಳಿದ. ಅದೇ ಗೇಟಿನೊಳಗೆ ನೀನು ಕೊರಳಲ್ಲಿ ಕಾರ್ಡು ಹಾಕಿಕೊಂಡು ದಿನಾ ಹೋಗುತ್ತೀ. ಇದನ್ನು ಬರೆಯುವಾಗ ನನ್ನ ಕಣ್ಣು ತುಂಬಿ ಅಕ್ಷರ ಕಾಣಿಸುತ್ತಿಲ್ಲ, ಕೊಂಚ ತಡೆದು ಬರೆಯುತ್ತೇನೆ.

ಈಗ ಹೊಲ ನೋಡಿಕೊಳ್ಳುವವನು ನಿನ್ನ ಕಾಕಾ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ, ಮಾರುತಿಯ ಮೇಲೆ ಮತ್ತೆ ಎಷ್ಟೋ ಹೊಸ ತಳಿ ಬಂದಿವೆ, ಜೋಳದ ಸಾಲು ಕಡಿಮೆಯಾಗಿ ಬರೀ ತೊಗರಿಯೇ ಹೆಚ್ಚಾಗಿದೆ. ನೆಟೆ ಮತ್ತೆ ಕಾಣಿಸಿಕೊಂಡಿದೆ ಎಂದು ಹೋದ ವರ್ಷ ಕಾಕಾ ಬೇಸರ ಮಾಡಿಕೊಂಡ. ನೀನು ಹೋಗಿ ನೋಡಬೇಕು. ಹೂವಿನ ಹೊತ್ತಿಗೆ ಒಮ್ಮೆ ಹೋಗು, ಗಿಡ ಸೀಳಿ ನೋಡಲು ಅದೇ ಸರಿಯಾದ ಕಾಲ. ಹೋದವಳು ಕಾಕಾನನ್ನಷ್ಟೇ ಕೇಳಿ ಬರಬೇಡ, ಕಾಕುವಿನ ಹತ್ತಿರ ಕುಳಿತುಕೊ. ಆಯಿಯ ಮಡಕೆ ಈಗ ಅವಳ ವಶದಲ್ಲಿದೆ. ತಾಂಡೂರಿನ ಬೀಜವನ್ನು ಹಿತ್ತಲಿನಲ್ಲಿ ವರ್ಷಾ ಒಂದಿಷ್ಟು ಹಾಕಿ ಉಳಿಸಿಕೊಂಡು ಬಂದಿದ್ದಾಳೆ. ಯಾವ ಕಾಯಿ ಬೀಜಕ್ಕೆ ಬಿಡುತ್ತಾಳೆ, ಯಾವುದು ಸಾರಿಗೆ, ಯಾಕೆ, ಎಲ್ಲ ಹೇಳುತ್ತಾಳೆ. ನಿಮ್ಮಲ್ಲಿ ಲೋಕದ ಬೀಜಗಳನ್ನೆಲ್ಲ ತಣ್ಣಗೆ ಕಾಪಾಡುವ ದೊಡ್ಡ ಭಂಡಾರ ಇದೆಯಂತಲ್ಲ, ಅಲ್ಲಿ ಇದು ಸೇರಬಹುದೇ ಎಂದು ನಿನ್ನ ಹಿರಿಯರನ್ನು ಕೇಳಿ ನನಗೆ ತಿಳಿಸು. ಕಾಕು ಒಪ್ಪಿದರೆ ಮಾತ್ರ.

ಎಳ್ಳಮಾಸಿಗೆ ಮತ್ತೊಮ್ಮೆ ಹೋಗೋಣ, ನಾನೂ ಬರುತ್ತೇನೆ. ಹೊಲದಲ್ಲಿ ಕಣಕಿಯ ಕೊಂಪೆ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ. ಹಸಿ ತೊಗರಿಕಾಯಿ ಇಲ್ಲದ ಭಜ್ಜಿಗೆ ರುಚಿ ಇಲ್ಲ ಎನ್ನುತ್ತಿದ್ದ ಮುತ್ಯಾ. ನಿನ್ನ ಜತೆ ಕೆಲಸ ಮಾಡುವ ಹುಡುಗ ಹುಡುಗಿಯರು ಬರುವುದಾದರೆ ಕರೆದುಕೊಂಡು ಬಾ, ಎಷ್ಟು ಜನ ಎಂದು ಕಾಕುವಿಗೆ ಮುಂಚೆ ಹೇಳು. ಸೇಡಂ ರೈಲಿಗೆ ಟಿಕೆಟ್ ನೀನೇ ತೆಗೆಸು, ನನಗೆ ಕೆಳಗಿನ ಸೀಟು ಇರಲಿ.

ನಿನ್ನ ಪ್ರೀತಿಯ
ಅತ್ತಿ