ಹಳೇ ಕಿಟಕಿಯ ಗಿಡದ ಮನೆ

ಹಳೇ ಮನೆ ಕೆಡವುವ ಕಡೆ ಕಿಟಕಿ, ಬಾಗಿಲು ಕಡಿಮೆ ದುಡ್ಡಿಗೆ ಸಿಗುತ್ತವೆ, ಹಿತ್ತಲಲ್ಲೊಂದು ಹಸಿರುಮನೆ ಕಟ್ಟೋಣ ಅಂತ ಹೊರಟಿದ್ದೀರಿ. ಸಂತೋಷ, ಕಟ್ಟಿ. ಆದರೆ ಕಂಬ ನೆಡುವ ಮೊದಲೇ ಆಂಥೂರಿಯಂ, ಆರ್ಕಿಡ್ ತಂದು ಬಿಸಿಲಲ್ಲಿ ಬಾಡಿಸುತ್ತೀರಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ? ಮೊದಲು ಸಾಮಾನು ಕೂಡಿಸಿ. ಸಿಕ್ಕ ಕಿಟಕಿಗಳ ಅಳತೆಗೆ ಮನೆ ಕಟ್ಟಿ. ಮನೆಯ ಅಳತೆಗೆ ಗಾಜು ಕೊಯ್ಯಿಸುತ್ತ ಕೂತರೆ ಉಳಿಸಿದ್ದೆಲ್ಲ ಕೂಲಿಗೆ ಹೋಗುತ್ತದೆ.

ಗುಜರಿಯಲ್ಲಿ ಕಂಡದ್ದನ್ನೆಲ್ಲ ಹೊತ್ತು ತರಬೇಡಿ. ಆಸ್‌ಬೆಸ್ಟಾಸ್ ಶೀಟು ಬಿಟ್ಟಿ ಕೊಟ್ಟರೂ ಬೇಡ. ಕೊಯ್ಯುವಾಗ ಏಳುವ ದೂಳು ಶ್ವಾಸಕೋಶದಲ್ಲೇ ಉಳಿದು ಕ್ಯಾನ್ಸರ್ ತರಬಲ್ಲದು. ಕೀಟನಾಶಕ ತುಂಬಿದ್ದ ಡ್ರಮ್ಮಿನಲ್ಲಿ ನೀರು ಹಿಡಿಯಬೇಡಿ. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಳ್ಳಬಾರದು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಉಜ್ಜಿ. ಮಕ್ಕಳು ಹತ್ತಿರ ಸುಳಿಯಬಾರದು. ಗಾಜು ಗೋಡೆಗಿರಲಿ, ತಲೆಯ ಮೇಲೆ ಬೇಡ. ಮಾಡಿಗೆ 200 ಮೈಕ್ರಾನಿನ ಯುವಿ ಪಾಲಿಥೀನ್ ಹೊಸದೇ ತನ್ನಿ. ಇದೊಂದರಲ್ಲಿ ಜಿಪುಣತನ ಮಾಡಬೇಡಿ, ಸಾದಾ ಪ್ಲಾಸ್ಟಿಕ್ ಬಿಸಿಲಿಗೆ ಬೇಗ ಹರಿದು ಚೂರಾಗುತ್ತದೆ.

ಚಳಿದೇಶದವರ ವಿಡಿಯೊ ನೋಡಿ ಸಂದಿಗೊಂದಿಯೆಲ್ಲ ಮುಚ್ಚುತ್ತೀರಿ, ಅದೇ ತಪ್ಪು. ನಮ್ಮ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಮನೆಯೊಳಗೆ ಗಿಡ ಬೇಯುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಮಾಡಿನ ಕೆಳಗೊಂದು ಸಾಲು ಕಿಟಕಿ ತೆರೆಯುವಂತಿರಲಿ. ನೆಲದ ಹತ್ತಿರ ಎದುರುಬದುರು ಇನ್ನೆರಡು. ಹಳೇ ಚಿಲಕ, ಕೀಲು ಕಿತ್ತೆಸೆಯಬೇಡಿ, ಎಣ್ಣೆ ಬಿಟ್ಟರೆ ಸಾಕು. ಬೇಸಿಗೆಗೆ ಶೇಕಡ 50ರ ಶೇಡ್‌ನೆಟ್ ಹೊದಿಸಿ.

ಒಳಗೆ ನಕ್ಷತ್ರ ಆಮೆ ಸಾಕುವ ಆಸೆಯೂ ಇದೆಯಂತೆ. ಬಿಟ್ಟುಬಿಡಿ. ಎಷ್ಟೇ ಅಕ್ಕರೆಯಿಂದ ಇಟ್ಟುಕೊಂಡರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಹಿಡಿದು ತರುವುದೇ ಬೇಡ, ತಾವಾಗಿ ಬರುವವು ಇವೆಯಲ್ಲ! ಮೂಲೆಯಲ್ಲಿ ಒಡೆದ ಹಂಚು, ಕಲ್ಲು ಗುಡ್ಡೆ ಹಾಕಿ, ತಟ್ಟೆಯಲ್ಲಿ ನೀರಿಡಿ. ಹಂಚಿನಡಿ ಹಾವುರಾಣಿ ಸೇರಿಕೊಳ್ಳುತ್ತದೆ, ಓತಿಕ್ಯಾತ ಕಿಟಕಿಯ ಅಂಚಿಗೆ ಬಂದು ಬಿಸಿಲು ಕಾಯಿಸುತ್ತದೆ. ಹುಳುಹುಪ್ಪಟೆ ತಿನ್ನುವ ಕೆಲಸ ಅವಕ್ಕೇ ಬಿಡಿ, ವಿಷ ಹೊಡೆಯಬೇಡಿ.

ನೈಲಾನ್ ಬಲೆಯನ್ನು ಮಾತ್ರ ನೆಲದ ಮೇಲೆ ಸಡಿಲ ಬಿಡಲೇಬೇಡಿ. ಕೇರೆಹಾವು ತಲೆ ತೂರಿಸಿತೆಂದರೆ ಎಳೆ ಹುರುಪೆಗೆ ಸಿಕ್ಕಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅಂಚಿಗೆ ಮರದ ಪಟ್ಟಿ ಹೊಡೆದು ಬಿಗಿಯಿರಿ. ಹಂಚಿನ ಗುಡ್ಡೆಗೆ ಬರಿಗೈ ಹಾಕಬೇಡಿ. ಹಾವು ಒಳಗೆ ಕಂಡರೆ ಬಾಗಿಲು ತೆರೆದಿಟ್ಟು ದೂರ ನಿಲ್ಲಿ. ಬಲೆಗೆ ಸಿಕ್ಕಿಬಿದ್ದಿದ್ದರೆ ನೀವು ಬಿಡಿಸಲು ಹೋಗದೆ, ಹಾವು ಹಿಡಿಯಲು ಬಲ್ಲವರನ್ನು ಕರೆಸಿ.